ಸಾಹೇಬರ ಮನೆ ಇದ್ದ ಕಡೆಗೆ

ರಸ್ತೆ ತೀರ ಅಗಲವಾಯಿತು. ಇಷ್ಟು ಅಗಲದ ರಸ್ತೆಯ ಅಂಚಿನಲ್ಲಿ ಒಬ್ಬನೇ ನಿಂತರೆ ಮೈಮೇಲೆ ಬಟ್ಟೆಯಿಲ್ಲದವನಂತೆ ಮುಜುಗರವಾಗುತ್ತದೆಂದು, ಇದನ್ನು ಕಾಗದದ ಮೇಲೆ ಎಳೆದ ಕಾಲದಲ್ಲಿ ಅವನಿಗೆ ಹೊಳೆದಿರಲಿಲ್ಲ. ಆಗ ಅಗಲವೇ ಒಂದು ಸದ್ಗುಣ. ನಾಲ್ಕು ಸಾಲು ವಾಹನ, ಎರಡೂ ಕಡೆ ಮರ, ಮರದಾಚೆ ನಡೆಯುವವರಿಗೆ ಕಲ್ಲುಹಾಸು. ಮುಂದೆ ಬರುವ ಜನಕ್ಕೆ ಈಗಲೇ ದಾರಿ ಬಿಟ್ಟಿರಬೇಕು ಎಂದು ಆಗಿನ ದೊಡ್ಡ ಸಾಹೇಬರು ಮೇಜು ಗುದ್ದಿ ಹೇಳುತ್ತಿದ್ದರು. ಮರಗಳೇನೋ ಬಂದಿದ್ದವು. ಜನ ಬಂದಿರಲಿಲ್ಲ. ನಡುರಸ್ತೆಯಲ್ಲಿ ಒಂದು ನಾಯಿ ನಾಲ್ಕು ಕಾಲೂ ಚಾಚಿ ಮಲಗಿತ್ತು, ಅದನ್ನು ಎಬ್ಬಿಸಲು ಬೆಳಗಿನಿಂದ ಒಂದು ವಾಹನವೂ ಬಂದ ಹಾಗಿರಲಿಲ್ಲ. ನಗರ ಯೋಜನಾ ಕಚೇರಿಯಲ್ಲಿ ಕೂದಲು ಹಣ್ಣು ಮಾಡಿಕೊಂಡ ಅಧಿಕಾರಿ ಅವನು. ಕೆಲಸದ ಹೊತ್ತಿನಲ್ಲಿ, ಸ್ಥಳ ಪರಿಶೀಲನೆ ಎಂದು ಸುಳ್ಳು ಹೇಳಿ, ಕದ್ದುಮುಚ್ಚಿ ಇಲ್ಲಿ ಬಂದು ನಿಂತಿದ್ದು ಯಾವ ಘನಕಾರ್ಯಕ್ಕೆ? ಹೆಂಡತಿಯ ಜೊತೆ ಒಂದು ಬಾಡಿಗೆ ಮನೆ ನೋಡುವುದಕ್ಕೆ. ಅಷ್ಟಕ್ಕೇ ಅವನ ಅಂಗೈ ಬೆವರಿತ್ತು. ಬೇರೆ ಹೆಂಗಸಿನ ಮನೆ ಬಾಗಿಲಲ್ಲಿ ನಿಂತಿದ್ದರೂ ಇಷ್ಟು ಬೆವರುತ್ತಿರಲಿಲ್ಲವೇನೋ.

ಮೇಲೆ, ಖಾಲಿ ಮನೆಯೊಳಗೆ, ಹೆಂಡತಿ ಒಂದೊಂದಾಗಿ ಕಿಟಕಿ ತೆರೆಯುತ್ತಿದ್ದಳು. ಬಹಳ ದಿನ ಮುಚ್ಚಿದ್ದ ಚಿಲಕಗಳು ಕಿರುಗುಟ್ಟುವುದು ಕೆಳಗಿನವರೆಗೂ ಕೇಳುತ್ತಿತ್ತು. ಕೊನೆಯ ಕಿಟಕಿಯಿಂದ ಅವಳು ಮುಖ ಹೊರಗೆ ಹಾಕಿದಳು. ಅವನನ್ನೇನೂ ನೋಡಲಿಲ್ಲ, ರಸ್ತೆಯನ್ನೂ ನೋಡಲಿಲ್ಲ. ಸುಮ್ಮನೆ ಉಸಿರಾಡಿದಳು. ಬಾಯಾರಿದವರು ನಲ್ಲಿಗೆ ಬಾಯಿ ಕೊಟ್ಟ ಹಾಗೆ ಕಣ್ಣು ಮುಚ್ಚಿಕೊಂಡು ಉಸಿರಾಡುತ್ತಿದ್ದಳು, ಮತ್ತು ಕೆಮ್ಮಲಿಲ್ಲ. ನೋಡಲಾಗದೆ ಅವನು ಕತ್ತು ತಿರುಗಿಸಿದ. ಅವರ ಮನೆಯಲ್ಲಿ ಕಿಟಕಿ ತೆರೆದು ಎಷ್ಟೋ ವರ್ಷಗಳಾಗಿದ್ದವು. ಸಂದಿಗಳಲ್ಲಿ ಒದ್ದೆ ಬಟ್ಟೆ ತುರುಕಿದರೂ ಜಲ್ಲಿ ಲಾರಿಗಳ ಧೂಳು ಹೇಗೋ ಒಳಗೆ ಬಂದು ತಟ್ಟೆ, ಹಾಸಿಗೆ, ಗಡಿಯಾರದ ನೆತ್ತಿ ಎಲ್ಲದರ ಮೇಲೂ ಕೂರುತ್ತಿತ್ತು. ಕೊನೆಗೆ ಅವಳ ಎದೆಯೊಳಗೂ ಕೂತಿತು. ಡಾಕ್ಟರು ಕಳೆದ ಸಲ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಅವಳನ್ನು ಹೊರಗೆ ಕೂರಿಸಿ, ಇವನಿಗೆ ಮಾತ್ರ ಹೇಳಿದ್ದರು: "ಔಷಧಿ ಬರೀತೀನಿ, ಅದು ನನ್ನ ಕೆಲಸ. ಆದ್ರೆ ಆ ರಸ್ತೇಲಿ ಇಟ್ಕೊಂಡು ಔಷಧಿ ಕುಡಿಸೋದು ತೂತು ಬಿದ್ದ ಕೊಡಕ್ಕೆ ನೀರು ಹಾಕಿದ ಹಾಗೆ. ಮೊದ್ಲು ಜಾಗ ಬದಲಾಯಿಸಿ. ಮುಂದಿನ ಚಳಿಗಾಲ ಅವರು ಅಲ್ಲಿರೋದು ಬೇಡ." ಅವನು ತಲೆಯಾಡಿಸಿದ್ದ. ಯೋಚಿಸ್ತೀನಿ ಎಂದಿದ್ದ. ಯೋಚಿಸುವುದೇನಿತ್ತು ಇದರಲ್ಲಿ! ಬೇರೆ ಯಾವ ಗಂಡಸಾದರೂ ಮರುದಿನವೇ ಸಾಮಾನು ಕಟ್ಟುತ್ತಿದ್ದ. ಡಾಕ್ಟರಿಗೇನು ಗೊತ್ತು, ಇವನು ಮನೆ ಬದಲಾಯಿಸುವುದು ಎಲ್ಲರೂ ಮನೆ ಬದಲಾಯಿಸಿದ ಹಾಗಲ್ಲವೆಂದು.

ಯಾಕೆಂದರೆ ಈ ಊರು ಬೆಳೆದದ್ದೇ ಅವನ ಮನೆಯ ಬೆನ್ನು ಹತ್ತಿ. ಹೇಳಿದರೆ ಯಾರೂ ನಂಬುವುದಿಲ್ಲ, ಅವನೂ ಬಹಳ ಕಾಲ ನಂಬಿರಲಿಲ್ಲ. ಮೊದಲನೆಯ ಮಹಾಯೋಜನೆ ತಯಾರಾದಾಗ ಅವನಿಗೆ ಮೀಸೆ ಇನ್ನೂ ಸರಿಯಾಗಿ ದಪ್ಪಗಾಗಿರಲಿಲ್ಲ. ಪೂರ್ವದ ನೆಲ ಗಟ್ಟಿ, ಇಳಿಜಾರು ಹದವಾಗಿದೆ, ಕುಡಿಯುವ ನೀರಿನ ದೊಡ್ಡ ಕೊಳವೆ ಬರುವುದೂ ಆ ಕಡೆಯಿಂದಲೇ. ಆದ್ದರಿಂದ ನಗರವು ಪೂರ್ವಾಭಿಮುಖವಾಗಿ ಬೆಳೆಯತಕ್ಕದ್ದು, ಎಂದು ಶುದ್ಧ ಅಕ್ಷರದಲ್ಲಿ ಬರೆದವನು ಅವನೇ. ಬೆಳೆಯತಕ್ಕದ್ದು! ಊರೆಂದರೆ ಕಚೇರಿಯ ಜವಾನ ಎಂದು ತಿಳಿದಿದ್ದ ಕಾಲ. ಆಸ್ಪತ್ರೆಗೆ ಜಾಗ, ಕಾಲೇಜಿಗೆ ಜಾಗ, ಬಸ್ ನಿಲ್ದಾಣಕ್ಕೆ ಜಾಗ, ಎಲ್ಲ ಪೂರ್ವದಲ್ಲಿ. ಪಶ್ಚಿಮ ತಗ್ಗು ಪ್ರದೇಶ, ಅದರಾಚೆ ಕಲ್ಲುಕ್ವಾರಿ. ನಕ್ಷೆಯಲ್ಲಿ ಅದಕ್ಕೆ ಬಣ್ಣ ಕೂಡ ಹಚ್ಚಿರಲಿಲ್ಲ. ಯೋಜನೆ ಪ್ರಕಟವಾದ ವರ್ಷವೇ ಅವನು ಮನೆ ಕಟ್ಟಿದ, ಪಶ್ಚಿಮದಲ್ಲಿ. ಮಾವ ತೀರಿಕೊಂಡಿದ್ದರು, ಆ ತಗ್ಗಿನ ಮನೆಯಲ್ಲಿ ಅತ್ತೆ ಒಬ್ಬರೇ ಇದ್ದರು, ಹೆಂಡತಿಯ ಅಕ್ಕ ಆಗ ಗಂಡನ ಜೊತೆ ದೂರದ ಊರಿನಲ್ಲಿದ್ದಳು. ಹಿತ್ತಲಿನ ಅರ್ಧ ತಗೊಳ್ಳಿ, ಒಂದೇ ಅಡುಗೆ ಮಾಡಿಕೊಂಡಿರೋಣ ಎಂದರು ಅತ್ತೆ. ಅಷ್ಟೇ ಕಾರಣ. ಅದರಲ್ಲಿ ಭೂಗೋಳವೂ ಇರಲಿಲ್ಲ, ದೂರದೃಷ್ಟಿಯೂ ಇರಲಿಲ್ಲ. ಗೋಡೆ ಇನ್ನೂ ಒಣಗಿರಲಿಲ್ಲ, ಕಂದಾಯ ಕಚೇರಿಯ ಗುಮಾಸ್ತನೊಬ್ಬ ಬಂದು ಪಕ್ಕದ ಜಾಗವನ್ನು ಹೆಜ್ಜೆಯಲ್ಲಿ ಅಳೆಯುತ್ತಿದ್ದ. "ಏನ್ ಸಾರ್, ಊರಿಗೆಲ್ಲ ಪೂರ್ವ ತೋರ್ಸಿ ನೀವು ಇಲ್ಲಿ?" ಎಂದ. "ನಮ್ಮತ್ತೆ ಜಾಗ ಕೊಟ್ರು ಕಣ್ರೀ, ಅದಕ್ಕೆ" ಎಂದ ಇವನು. "ಹೌದೌದು, ಅತ್ತೆ!" ಎಂದು ಗುಮಾಸ್ತ ಕಣ್ಣು ಮಿಟುಕಿಸಿದ.

ಆ ಕಣ್ಣು ಮಿಟುಕಿಸಿದ್ದರಿಂದಲೇ ಒಂದು ನಗರ ಹುಟ್ಟಿತು. ಗುಮಾಸ್ತನ ಹಿಂದೆ ಒಬ್ಬ ಕಂಟ್ರಾಕ್ಟರು, ಕಂಟ್ರಾಕ್ಟರನ ಹಿಂದೆ ಒಬ್ಬ ವಕೀಲರು, ವಕೀಲರ ಹಿಂದೆ ಅವರ ಕಕ್ಷಿದಾರರು. ಪ್ಲಾನ್ ಮಾಡೋರೇ ಇಲ್ಲಿ ಕಟ್ಟಿದ್ದಾರೆ, ಸುಮ್ನೆ ಕಟ್ತಾರಾ? ಒಳಗಿನ ಸುದ್ದಿ ಏನೋ ಇದೆ. ಅವನು ನಿಜ ಹೇಳಿದಷ್ಟೂ ಅವರ ಅನುಮಾನ ಗಟ್ಟಿಯಾಗುತ್ತಿತ್ತು. ಇಲ್ಲಿ ನೀರಿಲ್ಲ, ಚರಂಡಿ ಇಲ್ಲ, ಮಳೆಗಾಲದಲ್ಲಿ ಮೊಣಕಾಲುದ್ದ ನಿಲ್ಲುತ್ತದೆ ಎಂದು ಬಂದವರ ಕೈ ಹಿಡಿದು ಹೇಳಿದ. ಬೇರೆಯವರು ಬರದಿರಲಿ ಅಂತ ಹೇಗೆ ಹೆದರಿಸ್ತಾರೆ ನೋಡಿ, ಎಂದು ಅವರು ಬೆನ್ನ ಹಿಂದೆ ಮೆಚ್ಚಿಕೊಂಡರು. ಮನೆಗಳು ಬಂದವು, ಅಂಗಡಿ ಬಂತು, ಬಸ್ಸು ಬಂತು, ಬಸ್ಸಿಗಾಗಿ ಓಣಿಯನ್ನು ಅಗಲ ಮಾಡಿದರು, ಅಗಲವಾದ ಓಣಿಯನ್ನು ಕ್ವಾರಿಯ ಲಾರಿಗಳು ಕಂಡುಹಿಡಿದವು. ಎರಡನೆಯ ಮಹಾಯೋಜನೆ ಬರೆಯುವ ಹೊತ್ತಿಗೆ ಮಾಡುವುದೇನೂ ಉಳಿದಿರಲಿಲ್ಲ. ನಗರದ ಬೆಳವಣಿಗೆಯಲ್ಲಿ ಪಶ್ಚಿಮಾಭಿಮುಖವಾದ ಸಹಜ ಪ್ರವೃತ್ತಿ ಕಂಡುಬಂದಿದೆ ಎಂದು ಬರೆದವನೂ ಅವನೇ. ಸಹಜ ಪ್ರವೃತ್ತಿ ಎಂದರೆ ಅತ್ತೆಯ ಹಿತ್ತಲು. ಬರೆಯುವಾಗ ನಾಚಿಕೆಯಾಗಿತ್ತು. ಆದರೆ ನಾಚಿಕೆಯ ಕೆಳಗೆ ಇನ್ನೊಂದು ಇತ್ತು, ಅದನ್ನು ಅವನು ಯಾರಿಗೂ, ಹೆಂಡತಿಗೂ, ಹೇಳಿರಲಿಲ್ಲ. ಇಡೀ ನೌಕರಿಯಲ್ಲಿ ಅವನು ಎಳೆದ ಒಂದು ಗೆರೆಯ ಮಾತನ್ನೂ ಈ ಊರು ಕೇಳಿರಲಿಲ್ಲ. ಅವನು ಮಲಗಿ ಏಳುವ ಜಾಗದ ಮಾತನ್ನು ಮಾತ್ರ ಕೇಳಿತ್ತು. ಸಂಜೆ ಬಸ್ಸಿಳಿದು ದೀಪಗಳ ಸಾಲು ನೋಡುವಾಗ, ಇದೆಲ್ಲ ನನ್ನಿಂದ, ಎಂದು ಒಳಗೊಳಗೇ ಹಿಗ್ಗುತ್ತಿದ್ದ. ಛೀ, ಎಂಥ ಹಿಗ್ಗು ಅದು.

"ಮೇಲೆ ಬನ್ರೀ, ಅಡುಗೆಮನೆ ನೋಡಿ" ಎಂದು ಹೆಂಡತಿ ಕರೆದಳು. ಮೆಟ್ಟಿಲ ತಿರುವಿನಲ್ಲಿ ಬ್ರೋಕರ್ ಎದುರಾದ. ಬೆಳಗ್ಗೆ ಹೆಂಗಸರಿಬ್ಬರನ್ನೇ, ಅವಳನ್ನೂ ಅವಳಕ್ಕನನ್ನೂ, ಕರೆದುಕೊಂಡು ಬಂದಿದ್ದವನು ಇವನ ಮುಖವನ್ನು ಈಗಲೇ ನೋಡಿದ್ದು. ಹಲ್ಲುಕಡ್ಡಿ ಬಾಯಲ್ಲಿಟ್ಟುಕೊಂಡು ಇಳಿಯುತ್ತಿದ್ದವನು ಅಲ್ಲೇ ನಿಂತ, ಕಡ್ಡಿ ತೆಗೆದ. "ಸಾರ್! ನೀವು ಪ್ಲಾನ್ ಸಾಹೇಬ್ರಲ್ವಾ?" ಎಂದ. ಅವನ ಕಣ್ಣಲ್ಲಿ ಇವನಿಗೆ ಆ ಹಳೆಯ ಗುಮಾಸ್ತನ ಕಣ್ಣು ಕಂಡಿತು. ಅಲ್ಲ ಎನ್ನಬಹುದಿತ್ತು. ಹೆಂಡತಿಯ ಅಕ್ಕನಿಗೆ ಮನೆ ನೋಡ್ತಿದ್ದೀವಿ ಎನ್ನಬಹುದಿತ್ತು. ಹೌದಪ್ಪ, ಹೆಂಡತಿಗೆ ಉಸಿರಾಟದ ಕಾಯಿಲೆ, ಎಂದು ಇದ್ದದ್ದನ್ನೇ ಹೇಳಬಹುದಿತ್ತು, ಹೇಳಿದರೆ ಎಷ್ಟು ನಂಬುತ್ತಾರೆಂಬುದು ಬೇರೆ ಮಾತು. ಇವನು ಹೇಳಿದ್ದು ಬ್ರೋಕರ್‌ಗೆ ಹೇಳಬಾರದ ಒಂದೇ ಒಂದು ಮಾತು. "ಯಾರಿಗೂ ಹೇಳ್ಬೇಡಿ." ಬ್ರೋಕರ್ ಎದೆ ಮೇಲೆ ಕೈಯಿಟ್ಟುಕೊಂಡ. "ನನ್ನ ಬಾಯಿಗೆ ಬೀಗ ಸಾರ್" ಎಂದ. ಇನ್ನೊಂದು ಕೈ ಆಗಲೇ ಜೇಬಿನಲ್ಲಿ ಫೋನು ಹುಡುಕುತ್ತಿತ್ತು.

ಹೆಂಡತಿಗೆ ಮನೆ ಹಿಡಿಸಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಬೆರಳಾಡಿಸಿ, ಬೆರಳನ್ನು ಅವನ ಮುಂದೆ ಹಿಡಿದಳು. ಬೆರಳು ಬೆಳ್ಳಗೆ ಶುಭ್ರವಾಗಿತ್ತು. "ತಿಂಗಳುಗಟ್ಟಲೆ ಖಾಲಿ ಬಿದ್ದಿದೆಯಂತೆ ಕಣ್ರೀ ಇದು. ನೋಡಿ!" ಎಂದು ಸಣ್ಣ ಹುಡುಗಿಯ ಹಾಗೆ ನಕ್ಕಳು. ಅವಳಕ್ಕ, ಗಂಡ ಹೋದ ಮೇಲೆ ಈ ಕಡೆಯೇ ಒಂದು ಕೋಣೆಯ ಮನೆಯಲ್ಲಿ ಒಂಟಿಯಾಗಿದ್ದವಳು, ಬಾಗಿಲಿಗೆ ಒರಗಿ ನಿಂತು, "ಇವತ್ತೇ ಮಾತು ಕೊಟ್ಟುಬಿಡಿ, ಇನ್ನೇನು ಪಂಚಾಂಗ ನೋಡ್ಬೇಕಾ?" ಎಂದಳು. ಅವನು ಕಿಟಕಿಯಿಂದ ಹೊರಗೆ ನೋಡುತ್ತ, ಹೊಸ ಯೋಜನೆಯಲ್ಲಿ ಊರ ಹೊರಗಿಂದ ವರ್ತುಲ ರಸ್ತೆ ಬರಲಿದೆ, ಅದು ಬಂದರೆ ಲಾರಿಗಳು ನಮ್ಮ ರಸ್ತೆ ಬಿಟ್ಟುಹೋಗುತ್ತವೆ, ಸ್ವಲ್ಪ ತಡೆದರೆ, ಎಂದು ಶುರು ಮಾಡಿದ. ತಾನು ಏನು ಹೇಳುತ್ತಿದ್ದೇನೆಂದು ಅವನಿಗೇ ಅರ್ಧ ದಾರಿಯಲ್ಲಿ ಅರಿವಾಯಿತು. ಹೆಂಡತಿ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಒರೆಸುವಂಥದ್ದೇನೂ ಅದರಲ್ಲಿ ಇರಲಿಲ್ಲ. "ನಿಮ್ಮ ಯೋಜನೆ ಇಪ್ಪತ್ತು ವರ್ಷದ್ದು ಅಲ್ವಾ? ಹೋದ ಸಲದ್ದೂ ಇಪ್ಪತ್ತು ವರ್ಷದ್ದೇ ಅಲ್ವಾ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ಸರಿ ಮಾಡಿಕೊಳ್ಳುವವಳ ಹಾಗಿತ್ತು. "ಸಂಜೆ ಹೇಳ್ತೀನಿ" ಎಂದು ಅವನು ಮೆಟ್ಟಿಲಿಳಿದ.

ಕಚೇರಿ ತಲುಪುವ ಹೊತ್ತಿಗೆ ಸುದ್ದಿ ಅವನಿಗಿಂತ ಮೊದಲೇ ತಲುಪಿ ಕೂತಿತ್ತು. ಯಾರೂ ಏನೂ ಕೇಳಲಿಲ್ಲ, ಅದೇ ಗುರುತು. ಮೂಲೆಯ ಟೈಪಿಸ್ಟು ಕತ್ತೆತ್ತಿ ನೋಡಿ ತಟ್ಟನೆ ತಗ್ಗಿಸಿದಳು. ಕಂಪ್ಯೂಟರಿನ ಮುಂದೆ ಗುಂಪುಗೂಡಿದ್ದ ಹೊಸ ಎಂಜಿನಿಯರುಗಳು ಮಾತು ನಿಲ್ಲಿಸಿದರು. ಪರದೆಯ ಮೇಲೆ ಮೂರನೆಯ ಮಹಾಯೋಜನೆಯ ಕರಡು ನಕ್ಷೆ, ಅದರಲ್ಲಿ ಪೂರ್ವದ ಖಾಲಿ ಬಡಾವಣೆಗಳನ್ನು ಯಾರೋ ದೊಡ್ಡದು ಮಾಡಿ ನೋಡುತ್ತಿದ್ದರು. ಈಗಿನ ನಕ್ಷೆಗೆ ಕೊನೆಯೇ ಇಲ್ಲ, ಬೆರಳಲ್ಲಿ ಎಳೆದಷ್ಟೂ ಹಿಗ್ಗುತ್ತದೆ. ಅವನ ಕಾಲದಲ್ಲಿ ನಕ್ಷೆಯನ್ನು ಮೇಜಿನ ಮೇಲೆ ಹರಡಿ ನಾಲ್ಕು ಮೂಲೆಗೆ ನಾಲ್ಕು ಕಲ್ಲು ಇಡುತ್ತಿದ್ದರು, ಊರು ಆ ಕಲ್ಲುಗಳೊಳಗೆ ಇರುತ್ತಿತ್ತು. ಟೀ ತಂದ ಅಟೆಂಡರ್ ಲೋಟ ಇಟ್ಟು ಹೋಗಲಿಲ್ಲ. ಮೇಜಿನ ಅಂಚನ್ನು ಒರೆಸಿದ, ಒರೆಸಿದ್ದನ್ನೇ ಮತ್ತೆ ಒರೆಸಿದ. "ಸಾರ್, ಒಂದ್ ಮಾತು. ನಾನು ನಿಮ್ಮ ಮನೆ ಹಿಂದಿನ ರಸ್ತೇಲಿ ಸೈಟ್ ತಗೊಂಡಿದ್ದು ನಿಮ್ಮನ್ನ ನಂಬಿ. ಅಲ್ಲೇನಾದ್ರೂ ಆಗೋದಿದ್ರೆ ಬಡವನಿಗೆ ಮುಂಚೆ ಹೇಳಿ ಸಾರ್." ಏನೂ ಆಗಲ್ಲ ಮಾರಾಯ, ಎಂದ ಇವನು. "ಆಗಲ್ಲ ಅಂದ್ರೆ ನೀವ್ಯಾಕೆ ಸಾರ್...?" ಎಂದು ಅವನು ಮಾತು ನುಂಗಿಕೊಂಡು ಹೋದ. ಟೀ ಆರಿ ಕೆನೆಗಟ್ಟಿತು.

ಮಧ್ಯಾಹ್ನ ಮುಖ್ಯಸ್ಥ ಕರೆಸಿದ. ಇವನಿಗಿಂತ ಬಹಳ ಚಿಕ್ಕವನು, ಇವನ ಕೈಕೆಳಗೆ ಕಲಿತವನು, ಈಗಲೂ ಇಬ್ಬರೇ ಇದ್ದಾಗ ಸಾರ್ ಎನ್ನುತ್ತಿದ್ದ. "ಕೂತ್ಕೊಳ್ಳಿ ಸಾರ್. ನಾವು ಸರ್ವೆ ಮಾಡೋದು, ಸಾರ್ವಜನಿಕ ಸಭೆ ಕರೆಯೋದು ಎಲ್ಲ ದಂಡ ನೋಡಿ. ನಿಮ್ಮ ಮನೆ ಎಲ್ಲಿದೆ ಅಂತ ಊರ ಬಾಗಿಲಲ್ಲಿ ಒಂದು ಬೋರ್ಡ್ ಹಾಕಿದ್ರೆ ಸಾಕಿತ್ತು" ಎಂದು ತನ್ನ ತಮಾಷೆಗೆ ತಾನೇ ನಕ್ಕ. ಇವನೂ ನಕ್ಕ, ನಗದಿದ್ದರೆ ಚೆನ್ನಾಗಿರುವುದಿಲ್ಲವೆಂದು. ಮುಖ್ಯಸ್ಥ ನಗು ನಿಲ್ಲಿಸಿ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ. ಬೆಳಗಿನಿಂದ ಫೋನುಗಳು ಬರುತ್ತಿವೆ, ಪಶ್ಚಿಮದಲ್ಲಿ ಮನೆಗಳನ್ನು ಕೆಡವುತ್ತಾರಂತೆ ಎಂದು ಒಬ್ಬ, ಕ್ವಾರಿಯನ್ನು ಊರೊಳಗೆ ತರುತ್ತಾರಂತೆ ಎಂದು ಇನ್ನೊಬ್ಬ. ಕರಡು ಪ್ರಕಟವಾಗುವವರೆಗಾದರೂ ಅಲ್ಲೇ ಇದ್ದರೆ ಒಳ್ಳೆಯದು. "ಬಲವಂತ ಅಲ್ಲ ಸಾರ್. ನಿಮ್ಮ ಸ್ವಂತ ವಿಷಯ ಅದು." ಹೆಂಡತಿಗೆ ಎದೆ ಸರಿಯಿಲ್ಲ, ಎಂದು ಇವನು ಹೇಳಿದ. "ಅಯ್ಯೋ ಪಾಪ" ಎಂದ ಮುಖ್ಯಸ್ಥ. ನಿಜವಾಗಿಯೇ ಕನಿಕರಪಟ್ಟ. ಆದರೆ ಕನಿಕರದ ಹಿಂದೆ ಅವನ ಕಣ್ಣು ಸ್ವಲ್ಪ ಕಿರಿದಾಗಿದ್ದನ್ನು ಇವನು ನೋಡಿದ. ಅತ್ತೆ ಕೊಟ್ಟ ಜಾಗ, ಹೆಂಡತಿಯ ಎದೆ. ತನ್ನ ಕಾರಣಗಳು ಯಾವತ್ತೂ ಹೆಂಗಸರ ಕಡೆಯಿಂದಲೇ ಬರುತ್ತವೆ, ಯಾರೂ ಅವನ್ನು ಕಾರಣಗಳೆಂದು ಒಪ್ಪುವುದಿಲ್ಲ.

ಸಂಜೆಯ ಬಸ್ಸಿನಲ್ಲಿ ನಿಂತುಕೊಂಡೇ ಬಂದ. ಹಳೆಯ ಪೇಟೆ ದಾಟುವವರೆಗೆ ಬಸ್ಸು ತೆವಳಿತು, ದಾಟಿದ ಮೇಲೆ ಕಂಬಿ ಹಿಡಿದವರೆಲ್ಲ ಒಟ್ಟಿಗೇ ಎಡಕ್ಕೆ ವಾಲಿದರು. ಎಲ್ಲಿಂದ ಧೂಳು ಶುರುವಾಗುತ್ತದೆಂದು ಕಣ್ಣು ಮುಚ್ಚಿದರೂ ಗೊತ್ತಾಗುತ್ತಿತ್ತು. ಆ ತಿರುವು ಬಂದಾಗ ಯಾರೂ ಹೇಳದೆ ಎಲ್ಲರೂ ಗಾಜು ಎಳೆದುಕೊಂಡರು, ಮಾತು ನಿಲ್ಲಿಸದೆ, ಅದೊಂದು ಕೆಲಸವೇ ಅಲ್ಲ ಎನ್ನುವ ಹಾಗೆ. ತಮ್ಮ ಸಿಕ್ಕಿದರೆ ಏನು ಹೇಳುವುದು? ಈ ಊರಿನಲ್ಲಿ ಅವನು ಇಲ್ಲಿ ಬರಬೇಡ ಎಂದು ಬಾಯಿಬಿಟ್ಟು, ಸಿಟ್ಟು ಮಾಡಿ, ಆಣೆ ಹಾಕಿ ಹೇಳಿದ್ದು ಒಬ್ಬ ತಮ್ಮನಿಗೆ ಮಾತ್ರ. ಪೂರ್ವದಲ್ಲಿ ಒಳ್ಳೆಯ ಜಾಗ ತಾನೇ ಹುಡುಕಿ ತೋರಿಸಿದ್ದ. ತಮ್ಮ ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ ತನ್ನ ಹೆಂಡತಿಯ ಮಾತನ್ನು ತನ್ನ ಬಾಯಲ್ಲಿ ತಂದು ಒಪ್ಪಿಸಿದ್ದ: ಅಣ್ಣನಿಗೆ ಮಾತ್ರ ಒಳ್ಳೇ ಜಾಗ ಬೇಕು, ತಮ್ಮ ಊರಾಚೆ ಬಿದ್ದಿರ್ಬೇಕು. ಆಮೇಲೆ ಪಕ್ಕದ ರಸ್ತೆಯಲ್ಲೇ ಕಟ್ಟಿದ, ಗೃಹಪ್ರವೇಶದ ದಿನ ಗೆದ್ದವನ ಹಾಗೆ ಅಣ್ಣನ ಬೆನ್ನು ತಟ್ಟಿದ. ಈಗ ಮಗಳ ಮದುವೆ ಗೊತ್ತಾಗಿ, ಅಳಿಯನೂ ಇಲ್ಲೇ ಇರಲೆಂದು, ಸಾಲ ಎತ್ತಿ ಮೇಲೆ ಇನ್ನೊಂದು ಮಹಡಿ ಏರಿಸುತ್ತಿದ್ದ. ಕಂಬಿಗಳು ಆಕಾಶಕ್ಕೆ ನಿಂತಿದ್ದವು. ಒಮ್ಮೆ ನಲ್ಲಿಯಲ್ಲಿ ಕೆಸರು ಬಂದಾಗ ಬೀದಿಯವರೆಲ್ಲ ಸೇರಿ ಕೂಗಾಡಿದ್ದರು, ಆಗ ಇವನು ಎದ್ದುನಿಂತು, ಯಾಕೆ ಹೆದರ್ತೀರಿ, ನಾನೇ ಇಲ್ಲಿದ್ದೀನಲ್ಲ, ಎಂದಿದ್ದ. ಎಲ್ಲ ತಣ್ಣಗಾಗಿ ಮನೆಗೆ ಹೋಗಿದ್ದರು. ಹೆಂಡತಿ ಆವತ್ತೇ ಮೊದಲ ಸಲ ರಾತ್ರಿಯೆಲ್ಲ ಕೆಮ್ಮಿದ್ದು ಎಂದು ಅವನಿಗೆ ನೆನಪು, ಅಥವಾ ಆಮೇಲೆ ಜೋಡಿಸಿಕೊಂಡದ್ದೋ. ಹೇಳಿಬಿಡಬೇಕು. ಇಳಿದ ತಕ್ಷಣ, ಯಾರು ಸಿಕ್ಕಿದರೂ ಸರಿ, ಹೋಗ್ತಿದ್ದೀವಿ ಎಂದುಬಿಡಬೇಕು. ಒಂದು ಸಲ ಬಾಯಿಂದ ಬಿದ್ದರೆ ಮುಗಿಯಿತು. ಅವಳ ಆ ಬಿಳಿಯ ಬೆರಳು ನೆನಪಾಗಿ ಅವನಿಗೆ ಬಸ್ಸಿನಲ್ಲೇ ಅಳು ಬಂದ ಹಾಗಾಯಿತು.

ಮನೆಯ ಮುಂದೆ ಚಪ್ಪಲಿಗಳಿದ್ದವು. ಹೊರಗೆ ಇಷ್ಟು ಚಪ್ಪಲಿ ಕಂಡದ್ದು ಅತ್ತೆ ತೀರಿಕೊಂಡ ದಿನ ಮಾತ್ರ. ಒಳಗೆ ನಡುಮನೆಯಲ್ಲಿ ತಮ್ಮ, ಮೂಲೆಯ ಔಷಧದಂಗಡಿಯವನು, ಎದುರು ಮನೆಯ ಅಮ್ಮ. ಮತ್ತಿಬ್ಬರು ಬಾಗಿಲ ಹತ್ತಿರ ನಿಂತೇ ಇದ್ದರು, ಕೂರುವಷ್ಟು ಸಲಿಗೆ ಸಾಲದವರು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಗುತ್ತಿತ್ತು, ನಡುನಡುವೆ ಕೆಮ್ಮು. ತನ್ನನ್ನು ಇಲ್ಲೇ ಉಳಿಸಲು ಬಂದವರಿಗೆ ಅವಳೇ ಟೀ ಮಾಡುತ್ತಿದ್ದಳು.

"ಅಣ್ಣಾ, ನಿಜಾನಾ?" ಎಂದ ತಮ್ಮ. ಅವನ ಮುಖ ಬಿಳಿಚಿಕೊಂಡಿತ್ತು.

"ಏನು ನಿಜಾನಾ?"

"ಸುಮ್ನಿರು ಅಣ್ಣ, ಆಟ ಆಡ್ಬೇಡ. ಮಧ್ಯಾಹ್ನ ಬೀಗರಾಗೋರು ಫೋನ್ ಮಾಡಿದ್ರು. ಆ ಕಡೆ ಮನೆ ಯಾಕೆ ಕಟ್ತಿದ್ದೀರಿ, ನಿಮ್ಮಣ್ಣನೇ ಬಿಟ್ಟು ಹೋಗ್ತಿದ್ದಾರಂತಲ್ಲ, ಅಂದ್ರು. ನನಗೆ ನೆಲವೇ ಕುಸಿದ ಹಾಗಾಯ್ತು. ಕಂಬಿ ನಿಂತಿದೆ, ಮೇಸ್ತ್ರಿ ನಾಳೆ ಬರ್ಲೋ ಬೇಡ್ವೋ ಅಂತಿದ್ದಾನೆ."

"ನನ್ನ ಮೇಲಿನ ಮನೆಗೆ ಅಡ್ವಾನ್ಸ್ ಕೊಡ್ತೀನಿ ಅಂದೋರು ನೋಡೋಣ ಬಿಡಿ ಅಂದ್ರು" ಎಂದರು ಎದುರು ಮನೆಯ ಅಮ್ಮ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು. "ನಾನು ಒಂಟಿ ಹೆಂಗಸು, ಆ ಬಾಡಿಗೇಲೇ ನನ್ನ ಊಟ. ನಿಮಗೆ ಗೊತ್ತಿಲ್ದೇ ಇರೋದಾ?"

"ಏನೋ ಬರ್ತಾ ಇದೆ ಸಾರ್ ಈ ಕಡೆಗೆ. ಏನು ಅಂತ ಮಾತ್ರ ಹೇಳ್ಬಿಡಿ, ನಾವು ಯಾರಿಗೂ ಹೇಳಲ್ಲ" ಎಂದ ಔಷಧದಂಗಡಿಯವನು. ಇವನ ಹೆಂಡತಿಯ ಔಷಧಿಯೆಲ್ಲ ಅವನ ಅಂಗಡಿಯದೇ. ಯಾವ ಚೀಟಿಯಲ್ಲಿ ಯಾವ ಮಾತ್ರೆ, ಎಷ್ಟು ದಿನಕ್ಕೊಮ್ಮೆ, ಎಲ್ಲ ಅವನಿಗೆ ಗೊತ್ತಿತ್ತು. ಆದರೂ ಅವನು ಕಾರಣವನ್ನು ನಕ್ಷೆಯಲ್ಲೇ ಹುಡುಕುತ್ತಿದ್ದ.

"ನಿನಗೆ ನಾನು ಇಲ್ಲಿ ಬರಬೇಡ ಅಂದಿದ್ದೆ" ಎಂದು ಇವನು ತಮ್ಮನಿಗೆ ಹೇಳಿದ.

"ಅಂದಿದ್ದೆ. ಅಂದು ನೀನು ಇಲ್ಲೇ ಇದ್ದೆಯಲ್ಲಣ್ಣ!" ತಮ್ಮನ ದನಿ ಒಡೆಯಿತು. "ನಾನೇನು ಓದಿದೋನಾ? ನಿನ್ನ ಯೋಜನೆ, ನಕ್ಷೆ ಎಲ್ಲ ನನಗೆ ಅರ್ಥ ಆಗುತ್ತಾ? ನೀನು ಎಲ್ಲಿ ಇದ್ದೀಯೋ ಅಲ್ಲಿ ಕೆಟ್ಟದಾಗಲ್ಲ ಅಂದ್ಕೊಂಡೆ. ಅಷ್ಟೇ ನನಗೆ ಗೊತ್ತಿದ್ದಿದ್ದು."

ಅವನು ಬಾಯಿ ತೆರೆದ. ಬಸ್ಸಿನಲ್ಲಿ ಜೋಡಿಸಿಟ್ಟುಕೊಂಡ ಮಾತು ನಾಲಿಗೆಯ ಮೇಲೇ ಇತ್ತು: ಹೌದು, ಹೋಗ್ತಿದ್ದೀವಿ, ಅವಳಿಗೆ ಉಸಿರಾಡೋಕೆ ಆಗ್ತಿಲ್ಲ. ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ಕಚೇರಿಯಲ್ಲಿ, ಸಭೆಗಳಲ್ಲಿ, ಸಾರ್ವಜನಿಕ ಆಕ್ಷೇಪಣೆಗಳ ಗದ್ದಲದಲ್ಲಿ, ಇಷ್ಟು ವರ್ಷಗಳಲ್ಲಿ ಯಾರೂ ಅವನ ಬಾಯಿಯನ್ನು ಹೀಗೆ ನೋಡಿರಲಿಲ್ಲ. ಅವರ ಭಯ ಅವನಿಗೆ ಅರ್ಥವಾಯಿತು, ಅವರ ಮೇಲೆ ಮರುಕ ಉಕ್ಕಿತು, ಅದೂ ನಿಜವೇ. ಆದರೆ ಮರುಕದ ಜೊತೆಜೊತೆಗೆ ಆ ಹಳೆಯ ಹಿಗ್ಗೂ ಎದ್ದು ಬಂತು, ಇವರೆಲ್ಲ ತನ್ನ ಮೇಲೆ ನಿಂತಿದ್ದಾರೆ, ತಾನು ಕದಲಿದರೆ ಊರೇ ಕದಲುತ್ತದೆ ಎಂದು. ಯಾವುದು ಮಾತಾಡಿತೋ ಅವನಿಗೇ ತಿಳಿಯಲಿಲ್ಲ. "ಯಾರ್ರೀ ಹೇಳಿದ್ದು ಇದನ್ನೆಲ್ಲ? ನಾನೆಲ್ಲಿಗೆ ಹೋಗ್ತೀನಿ ಈ ಮನೆ ಬಿಟ್ಟು?" ಎಂದ. ಜೋರಾಗಿಯೇ ಎಂದ. "ಇವಳಕ್ಕನ ಜೊತೆ ಏನೋ ಮನೆ ನೋಡೋಕೆ ಹೋಗಿದ್ವಿ, ಅಷ್ಟಕ್ಕೇ ಬ್ರೋಕರ್‌ಗಳು ರೆಕ್ಕೆಪುಕ್ಕ ಕಟ್ಟಿದ್ದಾರೆ. ನಾನು ಇಲ್ಲೇ ಸಾಯೋನು." ಮುಖಗಳು ಒಂದೊಂದಾಗಿ ಬೆಳಗಿದವು. ತಮ್ಮ ಎರಡೂ ಕೈಯಲ್ಲಿ ಮುಖ ಉಜ್ಜಿಕೊಂಡು, "ಅಯ್ಯಪ್ಪಾ!" ಎಂದು ಗೋಡೆಗೆ ಒರಗಿದ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತುಹೋಗಿದ್ದು ಆಮೇಲೆ ಅವನ ಗಮನಕ್ಕೆ ಬಂತು.

ಹೆಂಡತಿ ತಟ್ಟೆಯಲ್ಲಿ ಲೋಟಗಳನ್ನಿಟ್ಟುಕೊಂಡು ಬಂದಳು. ಮೊದಲು ಎದುರು ಮನೆಯ ಅಮ್ಮನಿಗೆ, ಆಮೇಲೆ ಮೈದುನನಿಗೆ, ಔಷಧದಂಗಡಿಯವನಿಗೆ, ನಿಂತಿದ್ದ ಇಬ್ಬರಿಗೂ. ಗಂಡನಿಗೆ ಕೊನೆಗೆ ಕೊಟ್ಟಳು. ಅವನು ಅವಳ ಮುಖ ನೋಡಲಿಲ್ಲ, ಲೋಟ ಹಿಡಿದ ಕೈಯನ್ನು ನೋಡಿದ. ಖಾಲಿ ತಟ್ಟೆಯನ್ನು ಎದೆಗೆ ಒತ್ತಿಕೊಂಡು ಅವಳು ಸ್ವಲ್ಪ ಹೊತ್ತು ಉಸಿರು ಸುಧಾರಿಸಿಕೊಂಡಳು, ಎಲ್ಲರೂ ಕಾದರು. "ಅವರು ಹೇಳಿದ್ದು ನಿಜ" ಎಂದಳು. "ಅವರು ಎಲ್ಲೂ ಹೋಗಲ್ಲ. ನಾನು ಹೋಗ್ತೀನಿ. ಅಕ್ಕನ ಮನೇಲಿರ್ತೀನಿ. ಇವತ್ತೇ."

ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ. ಈಗ ಇವರು ಎದ್ದು ನಿಲ್ಲುತ್ತಾರೆ, ಅಯ್ಯೋ ಅತ್ತಿಗೆ ಎನ್ನುತ್ತಾರೆ, ಅವಳು ಹೋಗುವುದೂ ಒಂದು ಹೋಗುವುದೇ ಎಂದು ಮತ್ತೆ ಗಾಬರಿಯಾಗುತ್ತಾರೆ ಎಂದುಕೊಂಡ. ಹಾಗಾಗಲಿ ಎಂದೂ ಅನ್ನಿಸಿತು. ಅವರು ಗಾಬರಿಯಾದರೆ, ಈ ನಾಟಕವೆಲ್ಲ ಮುರಿದುಬಿದ್ದರೆ, ತಾನೂ ಎದ್ದು ಅವಳ ಹಿಂದೆ ಹೋಗಬಹುದು. ತಮ್ಮ ಲೋಟ ಕೆಳಗಿಟ್ಟ. "ಅತ್ತಿಗೆ ಒಬ್ರೇನಾ?" ಎಂದ.

"ಒಬ್ಬಳೇ."

"ಅಣ್ಣ ಬರಲ್ಲ?"

"ಬರಲ್ಲ ಅಂದ್ರಲ್ಲಪ್ಪ ಈಗ. ನೀನೂ ಕೇಳಿದೆಯಲ್ಲ."

"ಹಾಗಾದ್ರೆ ಸರಿ ಬಿಡಿ" ಎಂದ ತಮ್ಮ. ಅಂದವನಿಗೆ ತಾನು ಅಂದದ್ದು ಸ್ವಲ್ಪ ಒರಟಾಯಿತೆನ್ನಿಸಿ, "ಅಂದ್ರೆ, ಆರೋಗ್ಯ ಮುಖ್ಯ ಅತ್ತಿಗೆ. ಹೋಗಿ ಸುಧಾರಿಸ್ಕೊಂಡು ಬನ್ನಿ" ಎಂದು ಸೇರಿಸಿದ. ಎದುರು ಮನೆಯ ಅಮ್ಮ ಟೀ ಕುಡಿದು, ಚೆನ್ನಾಗಿದೆ ಎಂದರು. ಔಷಧದಂಗಡಿಯವನು ಮಾತ್ರೆಗಳನ್ನು ಒಟ್ಟಿಗೇ ಕಟ್ಟಿಸಿಕೊಡುತ್ತೇನೆ, ಆ ಕಡೆ ಅಂಗಡಿಗಳು ದೂರ, ಎಂದ. ನಿಂತಿದ್ದ ಇಬ್ಬರು ಈಗ ಕೂತರು. ನಡುಮನೆಯಲ್ಲಿ ಹಗುರವಾದ ಮಾತು ಶುರುವಾಯಿತು, ಯಾರೋ ನಕ್ಕರೂ ಕೂಡ. ಅವಳು ಹೋಗುವುದರಿಂದ ಯಾವ ಜಾಗದ ಬೆಲೆಯೂ ಇಳಿಯುವುದಿಲ್ಲ, ಯಾವ ಗುಮಾಸ್ತನೂ ಕಣ್ಣು ಮಿಟುಕಿಸುವುದಿಲ್ಲ. ಅತ್ತೆ ಹೆಣ್ಣುಮಕ್ಕಳಿಗೆಂದು ಬಿಟ್ಟ ಹಿತ್ತಲಿನಿಂದ ಹುಟ್ಟಿದ ಊರು ಇದು. ಅದರಲ್ಲಿ ಅವಳು ಎಲ್ಲಿರುತ್ತಾಳೆಂಬುದು ಯಾರಿಗೂ ಸುದ್ದಿಯೇ ಅಲ್ಲ. ಅವಳ ಮುಖದಲ್ಲಿ ನೋವು ಕಾಣಿಸಲಿಲ್ಲ. ಇದು ಅವಳಿಗೆ ಮೊದಲೇ ಗೊತ್ತಿತ್ತು ಎಂದು ಅವನಿಗೆ ಹೊಳೆಯಿತು, ಬೆಳಗ್ಗೆಯಿಂದ ಅಲ್ಲ, ಬಹಳ ಹಿಂದಿನಿಂದ.

ಕೋಣೆಯೊಳಗೆ ಅವಳು ನಾಲ್ಕು ಸೀರೆ, ಸ್ವೆಟರು, ಟವೆಲು ಮಡಚಿ ಮಂಚದ ಮೇಲೆ ಇಟ್ಟಿದ್ದಳು. "ಆ ಸೂಟ್‌ಕೇಸ್ ಇಳಿಸಿಕೊಡಿ, ನನಗೆ ಎಟುಕಲ್ಲ" ಎಂದಳು. ಅವನು ಕಪಾಟಿನ ಮೇಲಿಂದ ಇಳಿಸಿದ. ಅದರ ಮೇಲಿನ ಧೂಳನ್ನು ಒರೆಸಲು ಹೋದರೆ, ಬೇಡ, ಇಲ್ಲಿ ಹಾರುತ್ತೆ, ಹೊರಗೆ ಒರೆಸ್ತೀನಿ ಎಂದಳು. ಏನಾದರೂ ಹೇಳಬೇಕೆಂದು ಅವನು ಬಾಗಿಲು ಮುಂದೆ ಮಾಡಿದ. "ನೋಡು, ಕರಡು ಪ್ರಕಟ ಆಗಲಿ, ಆಮೇಲೆ ನಾನೂ..." ಎಂದ. ಅವಳು ಸೂಟ್‌ಕೇಸಿನ ಮೇಲೆ ಮೊಣಕಾಲು ಊರಿ ಮುಚ್ಚಳ ಅದುಮುತ್ತಿದ್ದಳು. "ಇದೊಂದು ಚೂರು ಒತ್ತಿ" ಎಂದಳು. ಅವನು ಒತ್ತಿದ. ಕೊಂಡಿ ಬಿತ್ತು.

ಅಕ್ಕ ಕಳಿಸಿದ ಬಾಡಿಗೆ ಕಾರು ಗೇಟಿನ ಮುಂದೆ ಬಂದು ನಿಂತಾಗ ಇನ್ನೂ ಬೆಳಕಿತ್ತು. ಬೀದಿಯ ಬಾಗಿಲುಗಳಲ್ಲಿ ಜನ ನಿಂತಿದ್ದರು, ಏನೋ ಕೆಲಸವಿದ್ದವರ ಹಾಗೆ. ತಮ್ಮನೇ ಸೂಟ್‌ಕೇಸ್ ಹೊತ್ತು ಹಿಂದೆ ಇಟ್ಟ. ಅವಳು ಹತ್ತಿ ಕೂತಳು, ಕೆಮ್ಮಿದಳು, ಸೆರಗನ್ನು ಮೂಗಿಗೆ ಹಿಡಿದಳು. "ಒಲೆ ಮೇಲೆ ಹಾಲಿದೆ, ಆರಿದ ಮೇಲೆ ಒಳಗಿಡಿ" ಎಂದಳು. ಅಷ್ಟು ದೂರ, ಈ ಸಂಜೆ, ಒಬ್ಬಳನ್ನೇ ಕಳಿಸುವುದೇ? ಬಿಟ್ಟಾದರೂ ಬರೋಣವೆಂದು ಅವನು ಸುತ್ತಿ ಬಂದು ಆ ಕಡೆಯ ಬಾಗಿಲ ಹಿಡಿಗೆ ಕೈ ಹಾಕಿದ. ಹಾಕಿದ್ದೇ ತಡ, ತಮ್ಮ ಓಡಿಬಂದು ಅವನ ಮುಂಗೈ ಹಿಡಿದುಕೊಂಡ.

"ಅಣ್ಣಾ, ನೀನು ಹತ್ತಬೇಡ. ಇಬ್ರೂ ಕಾರಲ್ಲಿ ಹೋಗೋದು ಕಂಡ್ರೆ ಜನ ಏನಂದ್ಕೋತಾರೆ? ಸ್ವಲ್ಪ ಹೊತ್ತು ಇಲ್ಲೇ ಗೇಟ್ ಹತ್ರ ನಿಂತ್ಕೋ. ಎಲ್ಲರೂ ನೋಡ್ಲಿ."

ತಮ್ಮನ ಹಿಡಿತ ಗಟ್ಟಿಯೇನೂ ಇರಲಿಲ್ಲ, ಕೊಡವಿದ್ದರೆ ಬಿಡುತ್ತಿತ್ತು. ಕಾರಿನೊಳಗಿಂದ ಅವಳು ಒಮ್ಮೆ ಅವನ ಕಡೆಗೆ, ಬಾಗಿಲ ಹಿಡಿಯ ಮೇಲಿದ್ದ ಅವನ ಕೈಯ ಕಡೆಗೆ ನೋಡಿದಳು. ಕಾದಳು ಕೂಡ. ಅವನು ಕೈ ತೆಗೆದ. ಹೋಗಪ್ಪ, ಎಂದಳು ಅವಳು ಡ್ರೈವರಿಗೆ.